ಆನೆಗಾಗಿ ನಾವು ನಡೆಯಬೇಕೇ?



ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಯುವಕರು ಒಂದು ವಿಷಯವನ್ನು ಕೂಟದ ಮುಂದಿಟ್ಟರು. ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಜನರು ಹಳ್ಳಿಗಾಡಿನ ದಾರಿಯಲ್ಲಿ ಹತ್ತಾರು ಮೈಲು ನಡೆದು ಕಾಡುಪ್ರಾಣಿಗಳ ರಕ್ಷಣೆಗೆ ಹಣ ಕೂಡಿಸುವುದುಂಟು. ನಡೆಯುವವನು ಮೊದಲೇ ಒಂದು ಕಾಗದ ಹಿಡಿದು ನೆರೆಕರೆಯವರ ಬಳಿ ಹೋಗುತ್ತಾನೆ. ಮೈಲಿಗೆ ಇಷ್ಟು ಎಂದು ಅವರು ಬರೆದುಕೊಡುತ್ತಾರೆ. ನಡೆದು ಬಂದ ಮೇಲೆ ಹಣ ವಸೂಲು ಮಾಡಿ ಸಂಘಕ್ಕೆ ಒಪ್ಪಿಸುತ್ತಾನೆ. ಅಡೂರಿನಿಂದ ಪಯಸ್ವಿನಿ ಹೊಳೆಯ ಬದಿ ಹಿಡಿದು ನಾವೂ ಹಾಗೆ ನಡೆಯಬಾರದೇಕೆ ಎಂಬುದು ಯುವಕರ ಪ್ರಶ್ನೆ.

ಒಬ್ಬ ಹಿರಿಯರು ಎದ್ದು, "ನನ್ನ ಬಾಳೆಯೆಲ್ಲ ಆನೆಯ ಹೊಟ್ಟೆಗೆ ಹೋಯಿತು. ಇನ್ನು ಅದಕ್ಕೆ ದುಡ್ಡೂ ಕೊಡಬೇಕಾ?" ಎಂದು ಕೇಳಿದರು. ಕೆಲವರು ನಕ್ಕರು. ಆದರೆ ಇದು ನಗುವ ಮಾತಲ್ಲ. ಬೆಳಗಿನ ಜಾವ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ತೋಟಕ್ಕೆ ಇಳಿಯುವವನಿಗೆ ಆನೆಯೆಂದರೆ ಚಿತ್ರದಲ್ಲಿ ನೋಡುವ ಚೆಂದದ ಪ್ರಾಣಿಯಲ್ಲ. ಅವನ ಹೆಂಡತಿಗೆ, ಅವನು ಮನೆಗೆ ಮರಳುವವರೆಗೆ ಸಮಾಧಾನವಿಲ್ಲ. ಇದನ್ನು ಮರೆತು ಮಾಡುವ ನಡಿಗೆ ನಮಗೆ ಬೇಡ.

ಮರೆಯದೆ ನಡೆದವರೂ ಇದ್ದಾರೆ. 1987ರ ನವೆಂಬರ್ 1ರಂದು ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಹೊರಟಿತು. ಒಂದು ತಂಡ ತೆಂಕಣ ಕನ್ಯಾಕುಮಾರಿಯಿಂದ, ಇನ್ನೊಂದು ಬಡಗಣ ಮಹಾರಾಷ್ಟ್ರದ ನವಾಪುರದಿಂದ. ಮೂರು ತಿಂಗಳು ಘಟ್ಟದ ಊರೂರು ನಡೆದು, 1988ರ ಫೆಬ್ರವರಿ ಆರಂಭದಲ್ಲಿ ಗೋವಾದಲ್ಲಿ ಕೂಡಿದರು. ಅವರು ಮೈಲಿಗೆ ಇಷ್ಟು ಎಂದು ಹಣ ಎತ್ತಲು ಹೋದವರಲ್ಲ. ಕಾಡನ್ನೂ ಕಾಡಿನಂಚಿನಲ್ಲಿ ಬದುಕುವವರ ಕಷ್ಟವನ್ನೂ ಕಣ್ಣಾರೆ ನೋಡಲು ಹೋದವರು.

ಕಾಡು ಬೇರೆ, ಕೂಲಿಯವನ ಬದುಕು ಬೇರೆ ಎನ್ನುವವರು ನಮ್ಮ ಜಿಲ್ಲೆಯ ಗೇರು ತೋಟಗಳನ್ನು ನೆನೆಯಲಿ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಜೇನ್ನೊಣ ಸತ್ತಿತು, ತೋಡಿನ ಮೀನು ಸತ್ತು ತೇಲಿತು. ಅಂದು ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ ನಮ್ಮ ಮಕ್ಕಳ ಸರದಿ ಬಂತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯಂತೆ ಪರಿಹಾರ ಕೊಡಲು ಹೇಳಿತು. ಜೇನ್ನೊಣದ ಸಾವನ್ನು ಮೊದಲೇ ನಮ್ಮ ಸಂಕಟವೆಂದು ತಿಳಿದಿದ್ದರೆ ಎಷ್ಟು ತೊಟ್ಟಿಲುಗಳು ಉಳಿಯುತ್ತಿದ್ದವೋ!

ಆದಿಕಾಂಡದ 9ನೇ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಜಲಪ್ರಳಯದ ಬಳಿಕ ದೇವರು ಒಡಂಬಡಿಕೆ ಮಾಡಿದ್ದು ನೋಹನ ಮನೆಯವರೊಡನೆ ಮಾತ್ರವಲ್ಲ, ನಾವೆಯಿಂದ ಇಳಿದ ಸಕಲ ಜೀವಿಗಳೊಡನೆ.

ನಮ್ಮ ಹೊಳೆಯನ್ನೇ ನೋಡಿ. ಪಯಸ್ವಿನಿಯ ನೀರು ಸೇರುವ ಚಂದ್ರಗಿರಿಯಲ್ಲಿ ಪಾಲಾಪೂವನ್ ಎಂಬ ಭಾರೀ ಆಮೆಯಿದೆ. ಹೆಚ್ಚು ಹೊತ್ತು ಮರಳಿನಲ್ಲಿ ಹುದುಗಿರುವ ಇದು ಲೋಕದಲ್ಲೇ ಅಪರೂಪ. 2023ರಲ್ಲಿ ಕಾಸರಗೋಡು ಜಿಲ್ಲೆ ಇದನ್ನು ತನ್ನ ಅಧಿಕೃತ ಪ್ರಾಣಿಯೆಂದು ಸಾರಿತು. ಅದು ಮೊಟ್ಟೆಯಿಡುವ ಜಾಗ ಪತ್ತೆಯಾದ ವರದಿ 2024ರಲ್ಲಿ ಹೊರಬಂತು. ಸಂಶೋಧಕಿ ಆಯುಶಿ ಜೈನ್ ಮತ್ತು ಸಂಗಡಿಗರಿಗೆ ದಾರಿ ತೋರಿಸಿದವರು ಹೊಳೆಬದಿಯ ಸಾಮಾನ್ಯ ಜನರು. ನಮ್ಮಂಥವರ ತಿಳಿವಳಿಕೆಗೂ ಬೆಲೆಯುಂಟು.

ಆದುದರಿಂದ ನಡೆಯೋಣ ಎಂಬುದು ನಮ್ಮ ಅಭಿಪ್ರಾಯ. ಆದರೆ ನಾಲ್ಕು ಮಾತು. ಒಂದು, ರಜೆಯ ದಿನ ನಡೆಯಬೇಕು. ಯಾರ ಹಾಜರಿಯೂ ತಪ್ಪಬಾರದು. ಎರಡು, ಕೂಲಿಯವರ ಮನೆಯಲ್ಲಿ ಒತ್ತಾಯದ ವಂತಿಗೆ ಬೇಡ. ತೋಟದ ಯಜಮಾನರ, ಅಂಗಡಿಯವರ, ಕೊಲ್ಲಿಯಲ್ಲಿರುವ ಬಂಧುಗಳ ಬಳಿಗೆ ಕಾಗದ ಹೋಗಲಿ. ಮೂರು, ಬಂದ ಪ್ರತಿ ಪೈಸೆಯ ಲೆಕ್ಕವನ್ನು ಕೂಟದಲ್ಲಿ ಓದಬೇಕು.

ನಾಲ್ಕನೆಯದು ಮುಖ್ಯ. ದಾನ ಬೇರೆ, ಹಕ್ಕು ಬೇರೆ. ಬೆಳೆನಾಶದ ಪರಿಹಾರ ಕೊಡುವುದು ಸರಕಾರದ ಹೊಣೆ. ಆನೆ ತಡೆಯಲು ಕಾರಡ್ಕ ಬ್ಲಾಕ್ ಪಂಚಾಯತು ಕೈಗೊಂಡ ತೂಗು ಸೌರಬೇಲಿಯನ್ನು ಸುಸ್ಥಿತಿಯಲ್ಲಿ ಇಡುವುದೂ ಅಧಿಕಾರಿಗಳ ಕೆಲಸ. ಬಳ್ಳಿ ಹಬ್ಬಿದರೆ ಬೇಲಿ ಇದ್ದೂ ಇಲ್ಲದಂತೆ. ನಾವು ನಡೆದು ಹಣ ಕೂಡಿಸಿದೆವೆಂದು ಅವರು ಕೈಕಟ್ಟಿ ಕೂರಬಾರದು. ನಡಿಗೆಯ ಕೊನೆಗೆ ನಮ್ಮ ಮನವಿಯೂ ಅರಣ್ಯ ಕಚೇರಿಗೆ ತಲುಪಬೇಕು. ಬಾಳೆ ಕಳೆದುಕೊಂಡ ಹಿರಿಯರೇ ಅದಕ್ಕೆ ಮೊದಲ ಸಹಿ ಹಾಕಲಿ.

ಬರುವ ಭಾನುವಾರ ಈ ವಿಷಯ ತೀರ್ಮಾನವಾಗಲಿದೆ. ತಾಯಂದಿರೂ ತಪ್ಪದೆ ಬಂದು ಮಾತಾಡಬೇಕಾಗಿ ಕೋರಿಕೆ. ಕರ್ತನು ನಮ್ಮ ಹೆಜ್ಜೆಗಳನ್ನು ನಡೆಸಲಿ.