ಗ್ರಾಮೀಣ ಮನೆಸಾಲ: ಉದ್ರಿಯ ಭಾರ ವರ್ತಕನ ಮೇಲೇಕೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪೇಟೆಗಳಲ್ಲಿ ಸಿಮೆಂಟು, ಕಬ್ಬಿಣ, ಫರ್ಸಿ ಮಾರುವ ವರ್ತಕರ ಉದ್ರಿ ಖಾತೆಗಳನ್ನು ತೆರೆದು ನೋಡಿದರೆ ಗ್ರಾಮೀಣ ವಸತಿ ಯೋಜನೆಗಳ ಇನ್ನೊಂದು ಮುಖ ಕಾಣಸಿಗುತ್ತದೆ. ಹಳ್ಳಿಯ ಬಡವ ಕಟ್ಟುವ ಮನೆಗೆ ಸಹಾಯಧನ ಸರ್ಕಾರದ್ದು, ದುಡಿಮೆ ಮನೆಯವರದು. ಇವೆರಡರ ನಡುವೆ ಬೇಕಾಗುವ ಸಾಲವನ್ನು ಮಾತ್ರ ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ, ಅವಧಿಯ ನಿಶ್ಚಯವೂ ಇಲ್ಲದೆ ಅಂಗಡಿಕಾರನೇ ಒದಗಿಸಬೇಕಾಗಿದೆ. ಇದು ಬ್ಯಾಂಕುಗಳು ಮಾಡಬೇಕಾದ ಕೆಲಸ.

ಲೆಕ್ಕ ಸರಳವಾಗಿದೆ. 1985ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಆಯಿತು. ಅಂದು ಬಯಲು ಪ್ರದೇಶದ ಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಯೋಜನೆಯನ್ನು 2029ರ ಮಾರ್ಚ್‌ವರೆಗೆ ವಿಸ್ತರಿಸಿ 2 ಕೋಟಿ ಹೊಸ ಮನೆಗಳಿಗೆ ಒಪ್ಪಿಗೆಯಿತ್ತಾಗಲೂ ಈ ಮೊತ್ತ ಬದಲಾಗಲಿಲ್ಲ. ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಎಂದರೆ ಸುಮಾರು 270 ಚದರ ಅಡಿ. ಚದರ ಅಡಿಗೆ 445 ರೂಪಾಯಿ ಬಿದ್ದಂತಾಯಿತು. ಈ ದರದಲ್ಲಿ ಸ್ಲ್ಯಾಬ್ ಹಾಕಿ ಮನೆ ಮುಗಿಸುವ ಗವಂಡಿ ಯಾವ ಊರಿನಲ್ಲಿದ್ದಾನೆಂಬುದನ್ನು ಯೋಜನೆ ರೂಪಿಸಿದವರೇ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಸ್ವಾಗತಾರ್ಹವೇ ಆದರೂ ಅದರಿಂದ ಈ ಅಂತರ ತುಂಬದು.

ಈ ಸೀಮೆಯಲ್ಲಿ ಅಂತರ ಇನ್ನೂ ಹೆಚ್ಚು. ಡೋಣಿ ಹೊಳೆಯ ಆಸುಪಾಸಿನ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬುನಾದಿಯನ್ನು ಆಳವಾಗಿ ತೆಗೆಯದಿದ್ದರೆ ಗೋಡೆ ಸೀಳುವುದು ಖಚಿತ. ಹೀಗಾಗಿ ಹಣದ ದೊಡ್ಡ ಪಾಲು ನೆಲದೊಳಗೇ ಹೂತುಹೋಗುತ್ತದೆ. ಅಷ್ಟೆಂದು ಹಳೆಯ ಮಣ್ಣಿನ ಮಾಳಿಗೆಯಲ್ಲಿಯೇ ಇರೋಣವೆಂದರೆ 2009ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಅತಿವೃಷ್ಟಿಯನ್ನು ಕಂಡವರು ಒಪ್ಪಲಾರರು. ಕಂತುಗಳಾದರೋ ಕಟ್ಟಡದ ಹಂತದ ಛಾಯಾಚಿತ್ರ ದಾಖಲಾಗಿ, ಕೇಂದ್ರ-ರಾಜ್ಯಗಳ ಪಾಲು ಕೂಡಿದ ಮೇಲೆಯೇ ಬರುವಂಥವು. ಅಲ್ಲಿಯವರೆಗೆ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ವರ್ತಕನ ಉದ್ರಿ. ಕಂತು ತಡವಾದರೆ ಅವನ ಬಂಡವಾಳ ಅಷ್ಟೂ ದಿನ ಸಿಕ್ಕಿಕೊಂಡಂತೆಯೇ.

ಕಾಗದದ ಮೇಲೆ ಸಾಲಕ್ಕೆ ಕೊರತೆಯಿಲ್ಲ. ಫಲಾನುಭವಿ ಬಯಸಿದರೆ 70,000 ರೂಪಾಯಿವರೆಗೆ ಬ್ಯಾಂಕ್ ಸಾಲ ದೊರಕಿಸಿಕೊಡಬೇಕೆಂದು ಯೋಜನೆಯೇ ಹೇಳುತ್ತದೆ. ಅದರ ವ್ಯಾಪ್ತಿಗೆ ಬಾರದ ಗ್ರಾಮೀಣ ಕುಟುಂಬಗಳಿಗಾಗಿ 2 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ಸಹಾಯಧನದ ಯೋಜನೆಯೊಂದನ್ನು 2017ರಲ್ಲಿ ರೂಪಿಸಲಾಯಿತು. ಆದರೆ ಬ್ಯಾಂಕು ಮೊದಲು ಕೇಳುವುದು ಉತಾರ. ಗಾವಠಾಣದೊಳಗಿನ ಅಜ್ಜನ ಕಾಲದ ಮನೆ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ, ಅಣ್ಣತಮ್ಮಂದಿರ ವಾಟ್ನಿ ಬಾಯಿಮಾತಿನಲ್ಲಿಯೇ ಮುಗಿದಿರುತ್ತದೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆ ಡ್ರೋನ್ ಮೂಲಕ ಗಾವಠಾಣಗಳನ್ನು ಅಳೆದು ಆಸ್ತಿ ಕಾರ್ಡ್ ಕೊಡಲು ಹೊರಟದ್ದು ಇದೇ ಕಾರಣಕ್ಕಾಗಿ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಕಾರ್ಡ್ ಕೈಗೆ ಬಂದರೂ ಅದನ್ನು ಅಡಮಾನಕ್ಕೆ ಒಪ್ಪದಿದ್ದರೆ ಅದರಿಂದ ಸಾಲಗಾರನಿಗೇನು ಪ್ರಯೋಜನ?

ಬ್ಯಾಂಕ್ ವ್ಯವಸ್ಥಾಪಕರ ಅಳುಕು ನಿರಾಧಾರವೆನ್ನಲಾಗದು. ಸಾಲಮನ್ನಾದ ನಿರೀಕ್ಷೆ ವಸೂಲಿಯನ್ನು ಕೆಡಿಸುತ್ತದೆ. ಸುಗ್ಗಿ ಮುಗಿದೊಡನೆ ಕುಟುಂಬಗಳೇ ಮಹಾರಾಷ್ಟ್ರ, ಗೋವಾಗಳಿಗೆ ದುಡಿಯಲು ಹೋಗುವ ಊರುಗಳಲ್ಲಿ ತಿಂಗಳ ಕಂತು ಕೇಳುವುದಾದರೂ ಯಾರಲ್ಲಿ? ಆದರೆ 70,000 ರೂಪಾಯಿಯನ್ನು ಶೇ. 10ರ ಬಡ್ಡಿಯಲ್ಲಿ 5 ವರ್ಷಕ್ಕೆ ಹಂಚಿದರೆ ತಿಂಗಳಿಗೆ 1,490 ರೂಪಾಯಿಯೂ ಆಗದು. ತೊಗರಿ ಮಾರಿದಾಗ ಒಮ್ಮೆ, ದುಡಿಯಲು ಹೋದವರು ಮರಳಿದಾಗ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಕಂತು ಮಾಡಿದರೆ ತೀರಿಸಬಲ್ಲ ಮೊತ್ತವೇ ಅದು. ಬೆಳೆಸಾಲಕ್ಕೆ ಸುಗ್ಗಿಯನ್ನು ಕಾಯುವ ಬ್ಯಾಂಕುಗಳು ಮನೆಸಾಲಕ್ಕೇಕೆ ಕಾಯಬಾರದು?

2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ವಿಲೀನಗೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದ ಮೇಲೆ ಇಂಥದೊಂದು ಸಣ್ಣ ಸಾಲವನ್ನು ಜಿಲ್ಲೆಯಾದ್ಯಂತ ಒಂದೇ ನಿಯಮದಡಿ ತರುವುದು ಮೊದಲಿಗಿಂತ ಸುಲಭ. ಸಾಲದ ಹಣ ಸಾಮಗ್ರಿಯ ಜಿಎಸ್‌ಟಿ ಬಿಲ್ಲಿನ ಮೇಲೆ ನೇರವಾಗಿ ಅಂಗಡಿಯ ಖಾತೆಗೆ ಬರುವಂತಾದರೆ ಹಣ ಬೇರೆಡೆ ಹರಿಯುವ ಶಂಕೆಯೂ ಉಳಿಯದು. ಆಗ ನಗದಿಗೊಂದು ದರ, ಉದ್ರಿಗೊಂದು ದರ ಎಂಬ ರೂಢಿಯನ್ನು ವರ್ತಕರೂ ಕೈಬಿಡಬೇಕಾದೀತು. ಅದಕ್ಕೆ ಒಳಗೊಳಗೇ ಅಸಮಾಧಾನ ಪಡುವವರೂ ಇದ್ದಾರು. ಜಿಲ್ಲೆಯ ವಾರ್ಷಿಕ ಸಾಲ ಯೋಜನೆ ಅಂತಿಮಗೊಳ್ಳುವ ಮೊದಲು ನಾಲ್ಕೂ ಪೇಟೆಗಳ ವರ್ತಕರು ತಮ್ಮಲ್ಲಿ ವಸತಿ ಸಾಮಗ್ರಿಗಾಗಿ ಬಾಕಿಯಿರುವ ಉದ್ರಿಯ ಮೊತ್ತವನ್ನು ಒಟ್ಟುಗೂಡಿಸಿ ಲೀಡ್ ಬ್ಯಾಂಕಿನ ಮುಂದಿಟ್ಟರೆ ಸಾಲದ ಬೇಡಿಕೆ ಎಷ್ಟಿದೆಯೆಂಬುದಕ್ಕೆ ಬೇರೆ ಸಮೀಕ್ಷೆ ಬೇಕಾಗದು.