ಆಯಿಲ್ ಕ್ಯಾಚ್ ಕ್ಯಾನ್: ಒಂದು ಯುಕ್ತಾಯುಕ್ತ ವಿಚಾರ

ಸೂಪರ್‌ಚಾರ್ಜರ್ ಇರುವ ವೇಗದ ಕಾರನ್ನು ಕೊಂಡವನಿಗೆ ಹೆಚ್ಚು ದಿನ ಕಳೆಯುವ ಮೊದಲೇ ಎರಡು ಬಗೆಯ ಉಪದೇಶ ದೊರೆಯುತ್ತದೆ. ಎಂಜಿನ್ನಿನ ಪಕ್ಕದಲ್ಲಿ ಆಯಿಲ್ ಕ್ಯಾಚ್ ಕ್ಯಾನ್ ಎಂಬ ಸಣ್ಣ ಲೋಹದ ಡಬ್ಬಿಯನ್ನು ಕೂಡಲೇ ಕೂರಿಸದಿದ್ದರೆ ಎಂಜಿನ್ ಕೆಟ್ಟಿತೆಂದೇ ತಿಳಿಯತಕ್ಕದ್ದು ಎಂದು ಒಂದು ಪಕ್ಷ ಹೇಳುತ್ತದೆ. ಅದು ಬೇಕಾಗಿದ್ದರೆ ಕಾರು ತಯಾರಿಸಿದವರೇ ಇಡುತ್ತಿದ್ದರು, ಉಳಿದದ್ದೆಲ್ಲ ಬಿಡಿಭಾಗ ಮಾರುವವರ ಮಾತು ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡರಲ್ಲಿಯೂ ಸತ್ಯಾಂಶವುಂಟು, ಆದರೆ ಸಕಲರಿಗೂ ಸಲ್ಲುವ ಸಿದ್ಧಾಂತವೆಂಬಂತೆ ಆಡಿದಾಗ ಎರಡೂ ತಪ್ಪುತ್ತವೆ. ಇಂಧನವನ್ನು ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುವ ಎಂಜಿನ್ ಅದಾಗಿದ್ದು, ಒಡೆಯನು ಅದನ್ನು ನಿಜವಾಗಿ ದುಡಿಸುವವನೂ ಡಬ್ಬಿಯನ್ನು ತಪ್ಪದೆ ಬರಿದುಮಾಡುವ ಶ್ರದ್ಧೆಯುಳ್ಳವನೂ ಆಗಿದ್ದರೆ ಆ ಡಬ್ಬಿಗೆ ತೆತ್ತ ಹಣ ಸಾರ್ಥಕ. ಉಳಿದವರಿಗೆ ಅದು ಅನಾವಶ್ಯಕ. ಹೊರಗಾಳಿಗೆ ಬಾಯ್ದೆರೆದ ಡಬ್ಬಿಯಂತೂ ಸಾರ್ವಜನಿಕ ರಸ್ತೆಯಲ್ಲಿ ಯಾರಿಗೂ ಸಲ್ಲದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಈ ಡಬ್ಬಿ ಏತಕ್ಕೆಂಬುದನ್ನು ಮೊದಲು ತಿಳಿಯೋಣ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದರ ಜೊತೆಗೆ, ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಅವುಗಳ ಸಂದಿಯಿಂದ ಅಲ್ಪಸ್ವಲ್ಪವಾಗಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಇದನ್ನೇ ಬ್ಲೋ-ಬೈ ಎನ್ನುವರು. ಅಲ್ಲಿ ರಭಸದಿಂದ ತಿರುಗುವ ಕ್ರ್ಯಾಂಕ್ ಎರಚಿದ ಎಣ್ಣೆಯ ತುಂತುರನ್ನೂ, ದಹನದಿಂದ ಹುಟ್ಟಿದ ನೀರಾವಿಯನ್ನೂ, ಉರಿಯದೆ ಉಳಿದ ಪೆಟ್ರೋಲಿನ ಆವಿಯನ್ನೂ ಕೂಡಿಸಿಕೊಂಡ ಈ ಅನಿಲಕ್ಕೆ ಹೊರಹೋಗಲು ಹಾದಿಯಿಲ್ಲದಿದ್ದರೆ, ಅದರ ಒತ್ತಡಕ್ಕೆ ಸೀಲುಗಳು ಸೋಲುತ್ತವೆ, ಎಣ್ಣೆ ಸೋರುತ್ತದೆ.

ಹಿಂದಿನ ಕಾಲದ ಕಾರುಗಳಲ್ಲಿ ಈ ಅನಿಲವನ್ನು ಗಾಡಿಯ ಅಡಿಯಲ್ಲಿ ಇಳಿಬಿಟ್ಟ ಒಂದು ಕೊಳವೆಯ ಮೂಲಕ ನೇರವಾಗಿ ಬೀದಿಗೇ ಬಿಡುತ್ತಿದ್ದರು. ಲಾಸ್ ಏಂಜಲೀಸ್ ನಗರವು ಹೊಗೆಮಂಜಿನಿಂದ ಕಣ್ಣುರಿದು ಕಂಗೆಟ್ಟಿದ್ದ ಆ ದಿನಗಳಲ್ಲಿ, ವಾಹನ ಮತ್ತು ಕಾರ್ಖಾನೆಗಳಿಂದ ಹೊಮ್ಮಿದ ಹೈಡ್ರೋಕಾರ್ಬನ್ನುಗಳು ಬಿಸಿಲಿನಲ್ಲಿ ನೈಟ್ರೋಜನ್ ಆಕ್ಸೈಡುಗಳೊಡನೆ ಬೆರೆತು ಆ ವಿಷಮಂಜಿಗೆ ಕಾರಣವಾಗುತ್ತವೆಂಬುದನ್ನು ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞನು ತೋರಿಸಿಕೊಟ್ಟ ತರುವಾಯ, ಕ್ಯಾಲಿಫೋರ್ನಿಯ ರಾಜ್ಯವು 1961ರಲ್ಲಿ ಕ್ರ್ಯಾಂಕ್‌ಕೇಸಿನ ಅನಿಲವನ್ನು ಮರಳಿ ಎಂಜಿನ್ನಿಗೇ ಹೀರಿಸಿ ಉರಿಸುವ ಏರ್ಪಾಡನ್ನು ಕಡ್ಡಾಯಗೊಳಿಸಿತು. ಪಿ.ಸಿ.ವಿ. ಎಂದು ಪ್ರಸಿದ್ಧವಾದ ಈ ವ್ಯವಸ್ಥೆಯು ವಾಹನಮಾಲಿನ್ಯದ ವಿರುದ್ಧ ಅಮೆರಿಕದಲ್ಲಿ ವಿಧಿಸಲ್ಪಟ್ಟ ಮೊತ್ತಮೊದಲನೆಯ ಯಾಂತ್ರಿಕ ಉಪಾಯ. ಆ ಮಟ್ಟಿಗೆ ಹೊರಗಿನ ಗಾಳಿಯ ಕೊಳೆ ತಗ್ಗಿತು. ಆದರೆ ಬೀದಿಗೆ ಹೋಗುತ್ತಿದ್ದ ಎಣ್ಣೆಯ ತುಂತುರು ಅಂದಿನಿಂದ ಎಂಜಿನ್ನಿನ ಶ್ವಾಸಮಾರ್ಗವನ್ನೇ ಸೇರತೊಡಗಿತು. ಈ ಅನಿಲವು ಹಾದುಹೋಗುವ ಹೋಸಿನ ನಡುವೆ ಡಬ್ಬಿಯನ್ನು ಸೇರಿಸಿ, ಒಳಗಿನ ಜಾಲರಿಗೆ ತಾಕಿ ತಣಿದ ತುಂತುರು ಹನಿಯಾಗಿ ತಳಕ್ಕಿಳಿಯುವಂತೆ ಮಾಡುವುದಷ್ಟೇ ಕ್ಯಾಚ್ ಕ್ಯಾನಿನ ಕೆಲಸ.

ಸಾಮಾನ್ಯ ಕಾರಿನಲ್ಲಿ ಉಪೇಕ್ಷಿಸಬಹುದಾದ ಈ ತುಂತುರು ಸೂಪರ್‌ಚಾರ್ಜರ್ ಉಳ್ಳ ಕಾರಿನಲ್ಲಿ ವಿಚಾರಾರ್ಹವಾಗುವುದಕ್ಕೆ ಕಾರಣಗಳುಂಟು. ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬಿದಷ್ಟೂ ಒಳಗಿನ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ರಿಂಗುಗಳನ್ನು ದಾಟಿ ನುಸುಳುವ ಅನಿಲವೂ ಹೆಚ್ಚುತ್ತದೆ. ಅದು ಮರಳಿ ಬರುವ ದಾರಿಯಲ್ಲಿ ಸೂಪರ್‌ಚಾರ್ಜರಿನ ರೋಟರುಗಳನ್ನು ನೆನೆಸಿ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ತೆಳುವಾದ ರೆಕ್ಕೆಗಳ ಮೇಲೆ ಎಣ್ಣೆಯ ಪೊರೆಯನ್ನು ಕಟ್ಟುತ್ತದೆ. ಪೊರೆ ದಪ್ಪವಾದಂತೆ ಗಾಳಿ ತಣಿಯುವುದು ಕಡಮೆಯಾಗುತ್ತದೆ. ಎಣ್ಣೆಯು ಪೆಟ್ರೋಲಿನೊಡನೆ ಬೆರೆತು ಉರಿಯುವಾಗ ಆಕ್ಟೇನಿನ ಬಲ ಕುಗ್ಗಿ, ಇಂಧನವು ಅಂಕೆಮೀರಿ ತಾನಾಗಿ ಸಿಡಿಯುವ ನಾಕಿಂಗ್ ಹುಟ್ಟಬಹುದು. ಅದನ್ನರಿತ ಕಂಪ್ಯೂಟರು ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಸರಿಸಿದೊಡನೆ, ಯಾವ ಶಕ್ತಿಗಾಗಿ ಒಡೆಯನು ಹಣ ತೆತ್ತನೋ ಆ ಶಕ್ತಿಯೇ ಅವನ ಕಾಲಡಿಯಿಂದ ಜಾರಿಹೋಗುತ್ತದೆ.

ಹಾಗಾದರೆ ಎಲ್ಲ ಸೂಪರ್‌ಚಾರ್ಜ್ಡ್ ಕಾರುಗಳಿಗೂ ಡಬ್ಬಿ ಬೇಕೆ? 2015ರ ಮಾದರಿಗಳಾಗಿ ಹೊರಬಂದ ಎರಡು ಅಮೆರಿಕನ್ ಕಾರುಗಳನ್ನು ಹೋಲಿಸಿ ನೋಡೋಣ. ಷೆವ್ರೊಲೆ ಕಾರ್ವೆಟ್ ಜ಼ಡ್06ರಲ್ಲಿಯೂ ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟಿನಲ್ಲಿಯೂ 6.2 ಲೀಟರಿನ, ಸೂಪರ್‌ಚಾರ್ಜರ್ ಸಹಿತವಾದ ವಿ8 ಎಂಜಿನ್ನುಗಳೇ. ಮೊದಲನೆಯದರ ಶಕ್ತಿ 650 ಅಶ್ವಬಲ, ಎರಡನೆಯದರದು 707. ಆದರೆ ಹೆಲ್‌ಕ್ಯಾಟಿನಲ್ಲಿ ಪೆಟ್ರೋಲನ್ನು ಒಳಸೇರಿಕೆಯ ವಾಲ್ವಿನ ಹಿಂದೆ ಸಿಂಪಡಿಸುವರು. ಆದುದರಿಂದ ಪ್ರತಿ ಸಿಂಪಡಿಕೆಯೂ ವಾಲ್ವಿನ ಬೆನ್ನನ್ನು ತೊಳೆಯುತ್ತದೆ. ಜ಼ಡ್06ರಲ್ಲಾದರೋ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮುವುದರಿಂದ ವಾಲ್ವಿನ ಬೆನ್ನಿಗೆ ತಗಲುವುದು ಗಾಳಿ ಮತ್ತು ಅದು ಹೊತ್ತು ತಂದ ಎಣ್ಣೆ ಮಾತ್ರ. ತೊಳೆಯುವ ಇಂಧನವು ಅಲ್ಲಿಗೆ ಮುಟ್ಟುವುದೇ ಇಲ್ಲ. ಇದೇ ಬಗೆಯ ನೇರ ಸಿಂಪಡಿಕೆಯುಳ್ಳ ಆಡಿ ಕಂಪನಿಯ 3.0 ಲೀಟರ್ ಸೂಪರ್‌ಚಾರ್ಜ್ಡ್ ಎಂಜಿನ್ನಿನ ಮ್ಯಾನಿಫೋಲ್ಡನ್ನು ಬಹಳ ಸಾವಿರ ಮೈಲಿ ಓಡಿದ ಬಳಿಕ ಕಳಚಿದರೆ, ವಾಲ್ವುಗಳ ಕಾಂಡದ ಸುತ್ತ ಕರಿಯ, ಒರಟಾದ ಕಿಟ್ಟವು ಬೆಳೆದಿರುವುದು ಕಾಣುವುದುಂಟು. ಬೆರಳುಗುರಿನಿಂದ ಕೆರೆದರೂ ಬಿಡದ ಆ ಕಿಟ್ಟವನ್ನು ಅಕ್ರೋಟದ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹಾಯಿಸಿ ಉದುರಿಸಬೇಕು. ಅದು ಒಂದು ದಿನದ ದುಡಿಮೆಯನ್ನೂ ಡಬ್ಬಿಯ ಬೆಲೆಯನ್ನು ಮೀರಿದ ಕೂಲಿಯನ್ನೂ ಬೇಡುವ ಕೆಲಸ. ಜ಼ಡ್06ರ ಒಡೆಯನಿಗೆ ಡಬ್ಬಿಯನ್ನು ಇರಿಸಿಕೊಳ್ಳಿರೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು; ಹೆಲ್‌ಕ್ಯಾಟನ್ನು ದಿನನಿತ್ಯದ ಓಡಾಟಕ್ಕೆ ಬಳಸುವವನಿಗೆ ಹಾಗೆ ಹೇಳುವುದಕ್ಕೆ ಸಾಕಷ್ಟು ಆಧಾರವನ್ನು ಕಾಣೆನು.

ತಯಾರಕರು ಈ ತೊಡಕನ್ನು ಅರಿಯದವರೇನೂ ಅಲ್ಲ. ವಾಲ್ವ್ ಕವರಿನೊಳಗೆ ತಡೆಗಳನ್ನಿಟ್ಟು, ತುಂತುರನ್ನು ಬೇರ್ಪಡಿಸಿ, ಎಣ್ಣೆಯು ತಾನಾಗಿಯೇ ಆಯಿಲ್ ಪ್ಯಾನಿಗೆ ಹಿಂದಿರುಗುವಂತೆ ಅವರು ಏರ್ಪಡಿಸಿರುತ್ತಾರೆ. ಕೈಯಿಂದ ಬರಿದುಮಾಡಬೇಕಾದ ಡಬ್ಬಿಯನ್ನು ಅವರು ಇಡದಿರುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ: ಲಕ್ಷಾಂತರ ಮಂದಿ ಕೊಳ್ಳುವ ವಸ್ತುವಿನ ಕ್ಷೇಮವನ್ನು ಕೊಂಡವನ ನೆನಪಿಗೆ ಒಪ್ಪಿಸಲು ಯಾವ ತಯಾರಕನೂ ಧೈರ್ಯಮಾಡಲಾರನು. ಆದರೆ ಸರಾಸರಿ ಚಾಲಕನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡು, ರೇಸ್ ಟ್ರ್ಯಾಕಿನಲ್ಲಿ ಗಳಿಗೆಗಟ್ಟಲೆ ಎಂಜಿನ್ನನ್ನು ತುದಿವೇಗದಲ್ಲಿ ಸುತ್ತಿಸುವವನಿಗೂ, ಪುಲ್ಲಿಯನ್ನು ಬದಲಾಯಿಸಿ ಸೂಪರ್‌ಚಾರ್ಜರಿನ ಒತ್ತಡವನ್ನು ಏರಿಸಿಕೊಂಡವನಿಗೂ ಸಾಲಬೇಕೆಂಬ ನಿಯಮವಿಲ್ಲ. ತಯಾರಕನ ಲೆಕ್ಕಾಚಾರದ ಹೊರಗೆ ಕಾಲಿಟ್ಟವನು ಎಂಜಿನ್ನಿನ ರಕ್ಷಣೆಯ ಹೊಣೆಯಲ್ಲಿಯೂ ಒಂದು ಪಾಲನ್ನು ಹೊರಬೇಕಾಗುತ್ತದೆ.

ಡಬ್ಬಿಯನ್ನು ಕೊಂಡಮಾತ್ರಕ್ಕೆ ಕಾರ್ಯ ಮುಗಿಯಿತೆಂದು ತಿಳಿಯುವವರಿಗೆ ಎರಡು ಮಾತು. ಎಂಜಿನ್ ಮೆಲ್ಲಗೆ ಓಡುವಾಗ ಅನಿಲವು ಪಿ.ಸಿ.ವಿ. ವಾಲ್ವಿನ ಹೋಸಿನಿಂದ ಹೋಗುತ್ತದೆ; ಥ್ರಾಟಲನ್ನು ಪೂರ್ತಿ ತುಳಿದಾಗ ಆ ಸೆಳೆತ ಇಲ್ಲವಾಗಿ, ತಾಜಾ ಗಾಳಿ ಒಳಬರಬೇಕಾದ ಇನ್ನೊಂದು ಹೋಸಿನಿಂದಲೇ ಅನಿಲವು ಹಿಮ್ಮುಖವಾಗಿ ಹೊರಡುತ್ತದೆ. ಆದುದರಿಂದ ಟ್ರ್ಯಾಕಿನಲ್ಲಿ ಓಡಿಸುವವನು ಒಂದೇ ಹೋಸಿಗೆ ಡಬ್ಬಿಯನ್ನು ಕಟ್ಟಿ ನಿಶ್ಚಿಂತನಾಗಿರುವುದು ಸರಿಯಲ್ಲ. ಮತ್ತು ಒಳಗೆ ಜಾಲರಿಯಾಗಲಿ ತಡೆಯಾಗಲಿ ಇಲ್ಲದ, ನೋಟಕ್ಕೆ ಮಾತ್ರ ಹೊಳೆಯುವ ಖಾಲಿ ಡಬ್ಬಿಯು ತುಂತುರನ್ನು ಬಂದಹಾಗೆಯೇ ಸಾಗಗೊಡುತ್ತದೆ. ಉತ್ತಮವಾದ ಡಬ್ಬಿಯೂ ಕಿಟ್ಟವನ್ನು ನಿಧಾನಗೊಳಿಸಬಲ್ಲುದೇ ಹೊರತು ಸಂಪೂರ್ಣವಾಗಿ ತಡೆಯಲಾರದು. ವಾಲ್ವಿನ ಸೀಲಿನಿಂದ ಜಿನುಗುವ ಎಣ್ಣೆಗೆ ಅದರ ಹಾದಿಯೇ ಬೇರೆ.

ಡಬ್ಬಿಯ ತಳದ ತಿರುಪನ್ನು ಬಿಚ್ಚಿದಾಗ ಇಳಿಯುವುದು ಶುದ್ಧವಾದ ಎಣ್ಣೆಯಲ್ಲ. ನೀರೂ ಪೆಟ್ರೋಲೂ ಎಣ್ಣೆಯೂ ಕಲೆತು, ಹಾಲು ಬೆರೆತ ಕಾಫಿಯ ಬಣ್ಣವನ್ನು ತಾಳಿದ, ಮೂಗಿಗೆ ಹೊಡೆಯುವ ಪೆಟ್ರೋಲ್ ವಾಸನೆಯ ದ್ರವವದು. ಚಳಿಗಾಲದಲ್ಲಿ, ಎಂಜಿನ್ ಸರಿಯಾಗಿ ಕಾಯುವ ಮೊದಲೇ ನಿಲ್ಲಿಸುವ ಸಣ್ಣ ಓಡಾಟಗಳಲ್ಲಿ, ಅದರಲ್ಲಿ ನೀರಿನ ಪಾಲೇ ಹೆಚ್ಚು. ಅಮೆರಿಕದ ಮಿಷಿಗನ್, ಮಿನೆಸೋಟಗಳಂತಹ ಹಿಮದ ನಾಡಿನಲ್ಲಿ ಆ ನೀರು ಹೆಪ್ಪುಗಟ್ಟಿ ಹೋಸಿನ ಬಾಯನ್ನು ಮುಚ್ಚಿದರೆ, ಕ್ರ್ಯಾಂಕ್‌ಕೇಸಿನ ಒತ್ತಡವು ಸೀಲನ್ನು ಹೊರಕ್ಕೆ ತಳ್ಳಿ, ರಕ್ಷಣೆಗೆಂದು ತಂದ ಸಾಧನವೇ ನಾಶಕ್ಕೆ ಕಾರಣವಾಗುವುದು. ಬರಿದುಮಾಡುವುದನ್ನು ಮರೆಯುವ ಸ್ವಭಾವದವನಿಗೆ ಡಬ್ಬಿ ಇಲ್ಲದಿರುವುದೇ ಲೇಸು. ಶ್ರದ್ಧಾವಂತನಿಗಾದರೋ ಅದು ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಎಂದಿನ ಪ್ರಮಾಣಕ್ಕಿಂತ ಡಬ್ಬಿ ಬೇಗನೆ ತುಂಬತೊಡಗಿತೆಂದರೆ ರಿಂಗುಗಳು ಸವೆದಿರಬಹುದೆಂಬ ಮುನ್ಸೂಚನೆ ದೊರೆಯುತ್ತದೆ. ಆಗ ಮಾಡತಕ್ಕದ್ದು ಕಂಪ್ರೆಷನ್ ಪರೀಕ್ಷೆ. ದೊಡ್ಡ ಡಬ್ಬಿಯನ್ನು ಹುಡುಕುವುದಲ್ಲ.

ಹೋಸನ್ನು ಎಂಜಿನ್ನಿಗೆ ಮರಳಿಸದೆ, ಡಬ್ಬಿಯ ಮೇಲೆ ಸಣ್ಣ ಫಿಲ್ಟರನ್ನು ಕೂರಿಸಿ ಅನಿಲವನ್ನು ಹೊರಗೆ ಬಿಡುವ ಪದ್ಧತಿಯನ್ನು ಕುರಿತು ನಾನು ರಾಜಿಯ ಮಾತನ್ನಾಡಲಾರೆನು. ಟ್ರ್ಯಾಕಿನ ವಿಷಯ ಬೇರೆ. ಅಲ್ಲಿ ಎಣ್ಣೆ ಚೆಲ್ಲಿ ಹಿಂದಿನವನು ಜಾರದಿರಲೆಂದು, ಹೊರಗಾಳಿಗೆ ತೆರೆದ ಬ್ರೀದರ್ ಉಳ್ಳ ಕಾರಿಗೆ ಸಂಗ್ರಹದ ಡಬ್ಬಿಯನ್ನು ರೇಸಿನ ನಿಯಮಗಳೇ ವಿಧಿಸುತ್ತವೆ. ರಸ್ತೆಯಲ್ಲಿ ಮಾತ್ರ ಅದು 1961ಕ್ಕೆ ಹಿಂದಿನ ಆ ಕೊಳವೆಯನ್ನು ಪುನಃ ಇಳಿಬಿಟ್ಟಂತೆಯೇ ಸರಿ. ಅಮೆರಿಕದ ಕಾನೂನು ಇದನ್ನು ಮಾಲಿನ್ಯನಿಯಂತ್ರಣದ ಸಾಧನವನ್ನು ಕೆಡಿಸಿದ ಅಪರಾಧವೆಂದು ಎಣಿಸುತ್ತದೆ. ನಮ್ಮ ಭಾರತ್ ಸ್ಟೇಜ್ ನಿಯಮಗಳೂ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸಿನಿಂದ ಅನಿಲವು ಹೊರಗಾಳಿಗೆ ಸೇರಕೂಡದೆಂದೇ ಹೇಳುತ್ತವೆ. 2008ರಿಂದ ಟಾಟಾ ಮೋಟರ್ಸ್ ಒಡೆತನದಲ್ಲಿರುವ ಜಾಗ್ವಾರ್ ಲ್ಯಾಂಡ್ ರೋವರಿನ 5.0 ಲೀಟರ್ ಸೂಪರ್‌ಚಾರ್ಜ್ಡ್ ಕಾರುಗಳು ಭಾರತದಲ್ಲಿಯೂ ಮಾರಾಟವಾಗಿವೆಯಾದುದರಿಂದ, ಈ ಮಾತು ನಮ್ಮವರಿಗೂ ಅನ್ವಯಿಸುತ್ತದೆ. ಒಬ್ಬನ ವಾಲ್ವು ಶುಚಿಯಾಗಿರಲೆಂದು ಹಿಂದಿನ ಸ್ಕೂಟರಿನವನು ಆ ಆವಿಯನ್ನು ಉಸಿರಾಡಬೇಕೆಂಬುದು ನ್ಯಾಯವಲ್ಲ.

ಆದುದರಿಂದ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ನನ್ನ ಎಂಜಿನ್ನಿನಲ್ಲಿ ಪೆಟ್ರೋಲ್ ಎಲ್ಲಿಗೆ ಚಿಮ್ಮುತ್ತದೆ? ನಾನು ಕಾರನ್ನು ಹೇಗೆ ಓಡಿಸುತ್ತೇನೆ? ತಿಂಗಳು ತಿಂಗಳೂ ಬಾನೆಟ್ಟನ್ನೆತ್ತಿ ಆ ತಿರುಪನ್ನು ಬಿಚ್ಚುವೆನೆ? ಉತ್ತರಗಳು ಅನುಕೂಲವಾಗಿದ್ದರೆ, ಒಳಗೆ ಜಾಲರಿಯುಳ್ಳ, ಅನಿಲವನ್ನು ಎಂಜಿನ್ನಿಗೇ ಮರಳಿಸುವ ಮುಚ್ಚಿದ ಡಬ್ಬಿಯನ್ನು ಕೂರಿಸಿಕೊಳ್ಳಿ. ಇಲ್ಲವಾದರೆ ಆ ಹಣವನ್ನು ಒಳ್ಳೆಯ ಎಣ್ಣೆಗೂ ಕಾಲಕಾಲಕ್ಕೆ ಅದನ್ನು ಬದಲಾಯಿಸುವುದಕ್ಕೂ ವಿನಿಯೋಗಿಸಿ. ಆ ಎರಡನೆಯ ದಾರಿಯಿಂದ ಎಂಜಿನ್ನಿಗೆ ಆಗುವ ಹಿತದ ವಿಷಯದಲ್ಲಿ ಯಾವ ಪಕ್ಷದವರಿಗೂ ಭಿನ್ನಾಭಿಪ್ರಾಯವಿಲ್ಲ.