ಗೃಹಕೃತ್ಯ: ಹುಳಿಗೆ ತಕ್ಕ ಪಾತ್ರೆ

ಕಾಯಿಪಲ್ಲೆ, ಅಕ್ಕಿ, ಬೇಳೆಗಳನ್ನು ಆರಿಸುವಾಗ ಇರುವ ಎಚ್ಚರವು ಅವನ್ನು ಬೇಯಿಸುವ ಪಾತ್ರೆಯನ್ನು ಕೊಳ್ಳುವಾಗಲೂ ಇರತಕ್ಕದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯವರಿಗೆ ಈ ಮಾತು ವಿಶೇಷವಾಗಿ ಸಲ್ಲುವುದು. ಅಪ್ಪೆಹುಳಿ, ತಂಬುಳಿ, ಮುರುಗಲು ಸಾರುಗಳಿಲ್ಲದೆ ದೊಡ್ಮನೆಯಂಥ ಊರುಗಳಲ್ಲಿ ಊಟವು ಪೂರ್ಣವಾಗದು; ಪಾತ್ರೆಯ ಗುಣದೋಷಗಳನ್ನು ಹೊರಗೆಡಹುವುದಾದರೋ ಹುಳಿಯೇ.

ತಾಮ್ರ, ಹಿತ್ತಾಳೆಗಳಿಗೆ ಹುಳಿ ಸೋಂಕಿದರೆ ತಾಮ್ರದ ಅಂಶವು ಕರಗಿ ಅಡಿಗೆಯಲ್ಲಿ ಸೇರುತ್ತದೆ. ಅದನ್ನುಂಡವರಿಗೆ ವಾಂತಿ, ಹೊಟ್ಟೆನೋವು, ಭೇದಿಗಳುಂಟಾಗುವುವು. ಹಿರಿಯರು ಕಲಾಯಿ ಮಾಡಿಸುತ್ತಿದ್ದುದು ಇದಕ್ಕಾಗಿಯೇ. ಸರಿಯಾದ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿನ ಆಹಾರವನ್ನು 1955ರ ಆಹಾರ ಕಲಬೆರಕೆ ತಡೆ ನಿಯಮಗಳೂ ಸೇವನೆಗೆ ಅಯೋಗ್ಯವೆಂದು ಎಣಿಸಿದ್ದವು.

ಕಲಾಯಿಯೆಂದರೆ ತವರದ ಲೇಪ. ತವರವು 232 ಡಿಗ್ರಿ ಸೆಂಟಿಗ್ರೇಡಿಗೇ ಕರಗುವುದರಿಂದ ಕಲಾಯಿಯ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು. ಒಳಗೆ ತಾಮ್ರದ ಕೆಂಪು ಇಣುಕಿದೊಡನೆ ಮರಳಿ ಕಲಾಯಿ ಮಾಡಿಸಬೇಕು. ಆಗಲೂ ಒಂದು ಎಚ್ಚರ ಬೇಕು. ತವರವು ದುಬಾರಿ, ಸೀಸವು ಅಗ್ಗ. ಎರಡನ್ನು ಬೆರೆಸಿದರೆ ನೋಟಕ್ಕೆ ತಿಳಿಯದು. ಆದುದರಿಂದ ಶುದ್ಧ ತವರವನ್ನೇ ಬಳಸುವ ನಂಬಿಕಸ್ತರಿಂದ ಈ ಕೆಲಸವನ್ನು ಮಾಡಿಸುವುದು ಲೇಸು.

ತಾಮ್ರದ ಕಿಲುಬಾದರೂ ಹಸುರಾಗಿ ಕಣ್ಣಿಗೆ ಬೀಳುವುದು. ಅಡಿಗೆಗಿಳಿದ ಸೀಸವು ಕಾಣುವುದೇ ಇಲ್ಲ. ಅದು ಅಲ್ಪಸ್ವಲ್ಪವಾಗಿ ದೇಹವನ್ನು ಸೇರಿದರೂ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತದೆ. ಆಮದಾದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ, ಹಿಂಡಾಲಿಯಂ ಪಾತ್ರೆಗಳಿಂದ ಆಹಾರಕ್ಕೆ ಸೀಸವಿಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಎಚ್ಚರಿಸಿತು; ನಮ್ಮ ದೇಶದಲ್ಲಿ ತಯಾರಾದವೂ ಅವುಗಳಲ್ಲಿದ್ದವು. ಗುಜರಿ ಲೋಹವನ್ನು ಕರಗಿಸಿ ಮಾಡಿದ ಪಾತ್ರೆಗಳಲ್ಲಿ ಈ ಭಯವು ಹೆಚ್ಚು. ಸಂತೆಯಲ್ಲಿ ಅಗ್ಗವೆಂದು, ಗುರುತು ಮುದ್ರೆಗಳಿಲ್ಲದ ಪಾತ್ರೆಯನ್ನು ಕೊಳ್ಳುವವರು ಇದನ್ನು ನೆನೆಯಬೇಕು. ಶುದ್ಧ ಅಲ್ಯೂಮಿನಿಯಂ ಆದರೂ ಹುಳಿಗೆ ಸವೆಯುವುದು. ಅದರಲ್ಲಿ ಸಾರು, ಮಜ್ಜಿಗೆಗಳನ್ನು ರಾತ್ರಿಯೆಲ್ಲ ಇಡಬಾರದು.

ಹಾಗಾದರೆ ಯಾವುದು ಯೋಗ್ಯ? ಹುಳಿಯ ಅಡಿಗೆಗೆ ಒಳ್ಳೆಯ ಸ್ಟೀಲು ಉತ್ತಮ. ಬಳಪದಕಲ್ಲಿನ ಮರಿಗೆಯೂ ಹುಳಿಗೆ ಅಳುಕದು. ಆದರೆ ಅದನ್ನು ಮೊದಲು ಸಣ್ಣ ಉರಿಯಲ್ಲಿ ಪಳಗಿಸಬೇಕು, ಒಮ್ಮೆಲೇ ಕಾಯಿಸಿದರೆ ಬಿರಿಯುವುದು. ದೋಸೆ, ಪಲ್ಯಗಳಿಗೆ ಕಬ್ಬಿಣವು ಸರಿ. ಅದರಲ್ಲಿ ಹುಳಿಯಡಿಗೆಯು ಕಪ್ಪಾಗಿ ರುಚಿಗೆಡುವುದು. ಅಪ್ಪೆಮಿಡಿಯ ಉಪ್ಪಿನಕಾಯಿಗೆ ಪಿಂಗಾಣಿಯ ಜಾಡಿಯೇ ಇರಲಿ.

ಅಜ್ಜಿಯ ಕಾಲದ ತಾಮ್ರದ ತಪ್ಪಲೆಯನ್ನು ಮಾರಿಬಿಡಿರೆಂದು ನಾವು ಹೇಳುವುದಿಲ್ಲ. ಅಟ್ಟದಿಂದಿಳಿಸಿ, ಬೆಳಕಿನಲ್ಲಿ ಅದರ ಒಳಮೈಯನ್ನು ನೋಡಿರಿ. ಕಲಾಯಿ ಸವೆದಿದ್ದರೆ, ಅದು ಸರಿಯಾಗುವ ತನಕ ಆ ಪಾತ್ರೆಯು ಬಚ್ಚಲುಮನೆಯ ನೀರಿಗಿರಲಿ, ಮಕ್ಕಳ ಊಟಕ್ಕೆ ಬೇಡ.